ಎರಡನೇ ತಿರುವಿನ ಹಾವು

"ನನ್ನ ಕಣ್ಣು ಮಂಜಾಗೋಕೆ ಶುರುವಾದ ದಿನ ನೀನೇ ಮೊದಲು ಹೇಳ್ಬೇಕು. ಊರಿಗೆಲ್ಲ ಗೊತ್ತಾಗಿ ಕೊನೇಲಿ ನನಗೆ ಗೊತ್ತಾಗಬಾರ್ದು. ಹೇಳ್ತೀಯೋ ಇಲ್ವೋ?" ಎಂದು ಅಕ್ಕ ಕೇಳಿದಾಗ ತಮ್ಮನ ಬಾಯಿ ತುಂಬ ಬನ್ನು ಇತ್ತು. ಅವನು ತಲೆಯಾಡಿಸಿದ.

"ತಲೆ ಕುರೀನೂ ಆಡಿಸುತ್ತೆ. ಬಾಯಿ ಬಿಟ್ಟು ಹೇಳು."

ಬನ್ನು ನುಂಗಲು ಹೊತ್ತು ಹಿಡಿಯಿತು. "ಹೇಳ್ತೀನಿ ಕಣೆ. ಎಲ್ಲರಿಗಿಂತ ಮೊದಲು ನಿನಗೇ ಹೇಳ್ತೀನಿ."

ಅವತ್ತು ಬೆಳಿಗ್ಗೆ ಅಪ್ಪ ದೋಣಿ ತುಂಬ ಪ್ರವಾಸಿಗರನ್ನು ಕೂರಿಸಿಕೊಂಡು ದ್ವೀಪದ ಕಾಲುವೆಗೆ ಹೋಗಿ, ಗಿಡದ ಬೇರಿಗೆ ಸಿಕ್ಕಿಕೊಂಡಿದ್ದ ಬಿಳಿ ಪ್ಲಾಸ್ಟಿಕ್ ಚೀಲವನ್ನು ತೋರಿಸಿ, "ಬೆಳ್ಳಕ್ಕಿ. ಮೊಟ್ಟೆಗೆ ಕಾವು ಕೊಡ್ತಾ ಕೂತಿದೆ, ಯಾರೂ ಗಲಾಟೆ ಮಾಡಬೇಡಿ," ಎಂದಿದ್ದರು. ಪ್ರವಾಸಿಗರು ನಕ್ಕರು. ತಾವಾಡಿದ ಮಾತಿಗೇ ನಗುತ್ತಿದ್ದಾರೆಂದುಕೊಂಡು ಅಪ್ಪನೂ ನಕ್ಕರು. ಅವರ ಕಣ್ಣು ಹೋಗುತ್ತಿರುವುದು ಜೆಟ್ಟಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಟಿಕೆಟ್ ಹರಿಯುವವನಿಂದ ಹಿಡಿದು ಮೀನಿನ ಬುಟ್ಟಿ ಹೊರುವವಳವರೆಗೆ. ಅಪ್ಪನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅಕ್ಕ ತಮ್ಮ ಇಬ್ಬರೂ ದೋಣಿಯ ಹಿಂಬದಿಯಲ್ಲೇ ಕೂತಿದ್ದರು. ಅವರೂ ಹೇಳಲಿಲ್ಲ.

ಅಕ್ಕ ಈಗ ಅಪ್ಪನ ಅವತ್ತಿನ ವಯಸ್ಸಿಗೆ ಬಂದಿದ್ದಾಳೆ. ದೋಣಿ ಬದಲಾಗಿದೆ, ಎಂಜಿನ್ ಬಂದಿದೆ. ಗೈಡ್ ಪರವಾನಗಿ ಅವಳ ಹೆಸರಿನಲ್ಲಿದೆ. ಅವಳು ನಿಂತರೆ ದೋಣಿ ನಿಂತ ಹಾಗೆ. ತಮ್ಮನೂ ಎರಡು ಸಲ ಪರವಾನಗಿಯ ಸಂದರ್ಶನಕ್ಕೆ ಹೋಗಿದ್ದ. ಎರಡು ಸಲವೂ ಮೇಜಿನ ಆಚೆ ಕೂತವರು "ಹೇಳಪ್ಪಾ, ದ್ವೀಪದಲ್ಲಿ ಏನೇನಿದೆ?" ಎಂದಾಗ ನಾಲಿಗೆ ಅಂಗುಳಿಗೆ ಅಂಟಿಕೊಂಡು, ಎದ್ದು ಬಂದಿದ್ದ. ಹಾಗಾಗಿ ಮಾತು ಅಕ್ಕನದು, ದೋಣಿ ಅವನದು.

ಇವತ್ತು ಬೆಳಿಗ್ಗೆ ಅವನು ಮನೆಯಿಂದ ಹೊರಡುವಾಗ ಹೆಂಡತಿ ಹೋಟೆಲಿನ ಲಾಂಡ್ರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಳು. ಹೊಸ್ತಿಲಲ್ಲಿ ಬೀಗದ ಕೈ ಅವನಿಂದ ಅವಳಿಗೆ ಹೋಯಿತು.

"ಚಿಕ್ಕವನಿಗೆ ಜ್ವರ ಬಿಟ್ಟಿದೆ," ಎಂದ.

"ಹ್ಞೂಂ."

"ಹಾಲು ಕಾಯಿಸಿಟ್ಟಿದೀನಿ."

"ಅಕ್ಕನಿಗೆ ಹೇಳಿದ್ರಾ?"

"ದೊಡ್ಡವಳ ಪರೀಕ್ಷೆ ಮುಗೀಲಿ."

ಮಳೆಗಾಲದಲ್ಲಿ "ಸೀಸನ್ ಶುರುವಾಗಲಿ" ಎಂದಿದ್ದ. ಸೀಸನ್ ಶುರುವಾದ ಮೇಲೆ "ಸೀಸನ್ ಮುಗೀಲಿ" ಎಂದಿದ್ದ. ಹೆಂಡತಿ ಒಳಗೆ ಹೋಗಿ ಮಲಗಿದಳು.

ಜೆಟ್ಟಿಯ ಚಹಾದಂಗಡಿಯವನು ಅವನನ್ನು ಮೌನವ್ರತ ಎಂದೇ ಕರೆಯುವುದು. "ಏನಪ್ಪಾ ಮೌನವ್ರತ, ಇವತ್ತು ಏನೇನು ತೋರಿಸ್ತಾಳೆ ನಿಮ್ಮಕ್ಕ? ಇರೋದೋ, ಇಲ್ಲದ್ದೋ?" ಪಕ್ಕದ ದೋಣಿಯವರು ಲೋಟದೊಳಕ್ಕೇ ನಕ್ಕರು. ತಮ್ಮ ಚಹಾ ಕುಡಿದ. ಹಿಂದೆಲ್ಲ ಇಂಥ ಮಾತಿಗೆ ಕಿವಿ ಬಿಸಿಯಾಗುತ್ತಿತ್ತು. ಈಗ ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂಬುದಷ್ಟೇ ಅವನ ಗಮನಕ್ಕೆ ಬಂತು.

ಟಿಕೆಟ್ ಕಿಂಡಿಯ ಹಿಂದೆ ಅಕ್ಕನ ಮಗಳು. ಅವಳು ಇವತ್ತಿನ ಗುಂಪನ್ನು ಕಳಿಸಿದಳು. ಪಕ್ಷಿ ಪುಸ್ತಕ ಹಿಡಿದು ಬರುವವರನ್ನೆಲ್ಲ ಬೇರೆ ದೋಣಿಗಳಿಗೆ ಹಂಚಿ, ಅಮ್ಮನ ದೋಣಿಗೆ ಸಂಸಾರಸ್ಥರನ್ನೂ ವಯಸ್ಸಾದವರನ್ನೂ ಹಾಕುವುದು ಅವಳ ಇತ್ತೀಚಿನ ಲೆಕ್ಕಾಚಾರ. ಇದರ ಬಗ್ಗೆ ಅವಳೂ ಮಾಮನೂ ಒಂದು ಮಾತೂ ಆಡಿಕೊಂಡಿಲ್ಲ.

"ಬನ್ನಿ ಬನ್ನಿ, ಕಾಲು ನೋಡಿಕೊಂಡು," ಎಂದು ಅಕ್ಕ ಒಬ್ಬೊಬ್ಬರನ್ನೇ ಹತ್ತಿಸಿಕೊಂಡಳು. ಹತ್ತುವಾಗಲೇ ಅವರವರ ದನಿ ಕೇಳಿ ಒಂದೊಂದು ಅಡ್ಡಹೆಸರು. ದೊಡ್ಡ ಲೆನ್ಸು ನೇತುಹಾಕಿಕೊಂಡು, ಹತ್ತುವ ಮೊದಲೇ ಬೆಳಕು ಸರಿಯಿಲ್ಲ ಎಂದವರು ಕ್ಯಾಮೆರಾ ಸಾಹೇಬರು. ಊರುಗೋಲು ಹಿಡಿದು "ಸಾಲಾಗಿ ಹತ್ತಿ, ನೂಕಬೇಡಿ" ಎಂದ ಮುದುಕಿ ಟೀಚರಮ್ಮ. "ಎಷ್ಟು ವರ್ಷ ಪಾಠ ಮಾಡಿದ್ರಿ?" ಎಂದು ಅಕ್ಕ ಕೇಳಿದ್ದಕ್ಕೆ ಮುದುಕಿ, "ಹೇಗೆ ಗೊತ್ತಾಯ್ತು?" ಎಂದು ನಕ್ಕಳು.

ಕಾಲುವೆಯ ಬಾಯಲ್ಲಿ ತಮ್ಮ ಎಂಜಿನ್ ಆರಿಸಿ ಬಿದಿರಿನ ಗಳ ಎತ್ತಿಕೊಂಡ. ಒಳಗೆ ಎರಡೂ ದಡದ ಗಿಡಗಳು ಕೆಸರಿನಿಂದ ಬೇರುಗಳನ್ನು ಎತ್ತಿಕೊಂಡು ಒತ್ತಾಗಿ ನಿಂತಿವೆ. ನೀರು ಹಸಿರು, ಗಾಳಿ ಇಲ್ಲ. ಅಕ್ಕ ದೋಣಿಯ ಮೂತಿಯ ಹಲಗೆಯ ಮೇಲೆ ದಾರಿಗೆ ಬೆನ್ನು ಮಾಡಿ, ಜನರಿಗೆ ಮುಖ ಕೊಟ್ಟು ನಿಂತಳು.

ಈ ಕಸುಬಿನಲ್ಲಿ ಖಾಯಂ ಗಿರಾಕಿಗಳು ಎಂದು ಕೆಲವಿರುತ್ತವೆ. ಒಣಗಿದ ಬೊಡ್ಡೆಯ ಮೇಲೆ ಬಿಸಿಲು ಕಾಯಿಸುವ ಉಡ. ಒಂದೇ ಕೊಂಬೆಯಲ್ಲಿ ವಾರಗಟ್ಟಲೆ ಸುತ್ತಿಕೊಂಡು ಬಿದ್ದಿರುವ ವಿಷದ ಹಸಿರು ಹಾವು. ಅವು ಎಲ್ಲಿರುತ್ತವೆಂದು ಗೈಡುಗಳಿಗೆಲ್ಲ ಗೊತ್ತು. ಆದರೂ ದಿನಾ ಅಲ್ಲಿಗೆ ಬಂದಾಗ ಮಾತು ಅರ್ಧಕ್ಕೆ ನಿಲ್ಲಿಸಿ, ಕೈ ಎತ್ತಿ, ಆಗಷ್ಟೇ ಕಂಡ ಹಾಗೆ "ಶ್..." ಎನ್ನಬೇಕು. ಇದರಲ್ಲಿ ಅಕ್ಕನನ್ನು ಮೀರಿಸುವವರಿಲ್ಲ. ಹತ್ತು ಸಾವಿರ ಸಲ ಕಂಡ ಉಡವನ್ನು ಕಂಡು ಅವಳ ಉಸಿರು ಈಗಲೂ ಸಿಕ್ಕಿಕೊಳ್ಳುತ್ತದೆ.

ಖಾಯಂ ಅಲ್ಲದವುಗಳಿಗೆ ತಮ್ಮ ಒಂದು ದಾರಿ ಮಾಡಿಕೊಂಡಿದ್ದ. ಮಿಂಚುಳ್ಳಿಯೋ ಮೊಸಳೆಯೋ ಬಲಗಡೆ ಕಂಡರೆ ಗಳದಿಂದ ದೋಣಿಯ ಬಲ ಅಂಚಿಗೆ ಒಂದು ತಟ್ಟು, ಎಡಗಡೆ ಕಂಡರೆ ಎಡ ಅಂಚಿಗೆ. ಅಕ್ಕ ಆ ಕಡೆ ತಿರುಗುತ್ತಾಳೆ. ಯಾಕೆ ತಟ್ಟುತ್ತೀಯ ಎಂದು ಅವಳು ಕೇಳಿಲ್ಲ.

ಎರಡನೇ ತಿರುವಿಗೆ ಬರುವಾಗ ಅವನ ಕಣ್ಣು ರೂಢಿಯಂತೆ ಬಲಗಡೆಯ ಕೊಂಬೆಗೆ ಹೋಯಿತು. ಕೊಂಬೆ ಖಾಲಿ ಇತ್ತು. ಒಂದು ಎಲೆ ಸುರುಳಿಯಾಗಿ ನೇತಾಡುತ್ತಿತ್ತು, ಅಷ್ಟೇ. ಹಾವು ಇಲ್ಲ ಎಂದು ತಿಳಿಸಲು ಅವರಿಬ್ಬರ ನಡುವೆ ಯಾವ ತಟ್ಟೂ ಇರಲಿಲ್ಲ. ದೋಣಿಯನ್ನು ಬೇಗ ದಾಟಿಸಿಬಿಡೋಣ ಎಂದು ಗಳ ಎತ್ತುವಷ್ಟರಲ್ಲಿ ಅಕ್ಕನ ಮಾತು ಅರ್ಧಕ್ಕೆ ನಿಂತಿತು.

"ಶ್... ಯಾರೂ ಕದಲಬೇಡಿ. ಬಲಗಡೆ. ಆ ಓರೆ ಕೊಂಬೆ. ಕಾಣಿಸ್ತಾ?"

ಎಲ್ಲರೂ ಬಲಕ್ಕೆ ವಾಲಿದರು. ದೋಣಿಯೂ ಸ್ವಲ್ಪ ವಾಲಿತು. ಕಣ್ಣುಗಳು ಕೊಂಬೆಯುದ್ದಕ್ಕೂ ಹುಡುಕಿದವು.

"ಎಲೆ ಬಣ್ಣವೇ. ಅದಕ್ಕೇ ಬೇಗ ಕಾಣಲ್ಲ. ಮುಖ ನೋಡಿ, ಥೇಟ್ ನಮ್ಮತ್ತೆ. ಕೂತ ಜಾಗ ಬಿಟ್ಟು ಏಳಲ್ಲ, ಮನೇಲಿ ನಡೆಯೋದು ಒಂದೂ ತಪ್ಪಲ್ಲ."

ಜನ ನಕ್ಕರು. "ಓ, ಅಲ್ಲಿ! ಎಷ್ಟು ಹಸಿರು!" ಎಂದಿತು ಹಿಂದಿನಿಂದ ಒಂದು ದನಿ. "ಹೌದು ಹೌದು, ಬಾಲ ಕಾಣ್ತಿದೆ," ಎಂದಿತು ಇನ್ನೊಂದು. ಕ್ಯಾಮೆರಾ ಸಾಹೇಬರು ಲೆನ್ಸು ತಿರುಗಿಸಿ ತಿರುಗಿಸಿ ನೋಡಿ, ಸುರುಳಿ ಎಲೆಯ ಫೋಟೋಗಳನ್ನು ಪಟಪಟನೆ ತೆಗೆದುಕೊಂಡರು. ಎಲ್ಲರಿಗೂ ಹಾವು ಕಂಡಿತು.

ಅಲ್ಲಿ ದೋಣಿ ನಿಲ್ಲಿಸುವಾಗ ಅಕ್ಕ ಎಡ ದಡದ ಕಡೆಗೆ ಕೈ ಚಾಚಿ ಒಂದು ಬಾಗಿದ ಕೊಂಬೆಯನ್ನು ಹಿಡಿದುಕೊಳ್ಳುತ್ತಾಳೆ. ಅಪ್ಪನೂ ಅದನ್ನೇ ಹಿಡಿಯುತ್ತಿದ್ದರು. ಹಿಡಿದು ಹಿಡಿದು ಅಲ್ಲಿ ತೊಗಟೆ ನುಣುಪಾಗಿದೆ. ಒಂದು ಕೈಯಲ್ಲಿ ಬಲಗಡೆ ತೋರಿಸುತ್ತಲೇ ಅವಳು ಇನ್ನೊಂದು ಕೈಯನ್ನು ಎಡ ದಡದ ಕಡೆಗೆ ಚಾಚಿದಳು. ಹಾವು ಅಲ್ಲಿತ್ತು. ನುಣುಪಾದ ಜಾಗಕ್ಕೇ ಸುತ್ತು ಹಾಕಿಕೊಂಡು, ತಲೆಯನ್ನು ಹಿಂದಕ್ಕೆಳೆದುಕೊಂಡಿತ್ತು. ಅವಳ ಬೆರಳಿಗೂ ಅದಕ್ಕೂ ನಡುವೆ ಒಂದು ಗೇಣು.

ತಮ್ಮ ಕೂಗಬೇಕೆಂದು ಬಾಯಿ ತೆರೆದ. ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಕೈಗಳೇ ಗಳವನ್ನು ಕೆಸರಿಗೆ ಚುಚ್ಚಿ, ಮೈಭಾರವನ್ನೆಲ್ಲ ಹಾಕಿ, ದೋಣಿಯನ್ನು ಹಿಂದಕ್ಕೆ ನೂಕಿದವು.

ಅಕ್ಕ ಕಾಲು ತಪ್ಪಿ ಕ್ಯಾಮೆರಾ ಸಾಹೇಬರ ತೊಡೆಯ ಮೇಲೆ ಬಿದ್ದಳು. ಲೆನ್ಸು ಹಲಗೆಗೆ ಬಡಿಯಿತು. ಯಾರೋ ಚೀರಿದರು. ಅಕ್ಕ ಮಣಿಕಟ್ಟು ಹಿಡಿದುಕೊಂಡು ಎದ್ದಳು. "ಕಣ್ಣು ಎಲ್ಲಿಟ್ಟಿದ್ದೀಯೋ?"

"ಗಳ ಜಾರ್ತು."

"ಗಳ ಜಾರ್ತಂತೆ!" ಅವಳು ಜನರ ಕಡೆ ತಿರುಗಿದಳು. ಮುಖದಲ್ಲಿ ಆಗಲೇ ನಗು ಬಂದಿತ್ತು. "ನಮ್ಮ ತಮ್ಮ ಕಣ್ರೀ. ನಮ್ಮಮ್ಮ ಇವನನ್ನ ಹೆತ್ತಾಗ ಬ್ರೇಕ್ ಹಾಕ್ಸೋದು ಮರೆತುಬಿಟ್ಟಳು." ಮತ್ತೆ ನಗು. ಸಾಹೇಬರು ಮಾತ್ರ ಲೆನ್ಸು ಒರೆಸುತ್ತ ಗೊಣಗಿಕೊಂಡರು.

ಮುಂದಿನ ದಾರಿಯುದ್ದಕ್ಕೂ ಅವನು ತಟ್ಟಿದ, ಅವಳು ತೋರಿಸಿದಳು. ಕೆಸರಿನ ಮೇಲೆ ನೆಗೆಯುವ ಮೀನು, ಏಡಿ, ಹಣ್ಣು ಜೋತುಬಿದ್ದ ಹಾಗೆ ಬಾವಲಿಗಳು. ಏನಾಗಬಹುದಿತ್ತು ಎಂದು ಯೋಚಿಸಿ ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ. ಪೆಟ್ರೋಲು ಜೆಟ್ಟಿಯವರೆಗೆ ಸಾಲುತ್ತದೋ ಎಂದು ಯೋಚಿಸಿದ. ಸಾಲುತ್ತಿತ್ತು.

ಜೆಟ್ಟಿಯಲ್ಲಿ ಎಲ್ಲರೂ ಇಳಿದ ಮೇಲೆ ಟೀಚರಮ್ಮ ಉಳಿದಳು. ಊರುಗೋಲನ್ನು ಮೊದಲು ಮೇಲಿಟ್ಟು, ತಮ್ಮನ ಕೈ ಹಿಡಿದುಕೊಂಡು ಮೆಟ್ಟಿಲಿಗೆ ಕಾಲಿಟ್ಟಳು.

"ನಿಮ್ಮಕ್ಕ ಚೆನ್ನಾಗಿ ಮಾತಾಡ್ತಾರೆ."

"ಹ್ಞೂಂ."

"ಹಾವು ಮಾತ್ರ ಎಡಗಡೆ ಇತ್ತು." ಅವಳು ಹಿಡಿದ ಕೈಯನ್ನು ಕೂಡಲೇ ಬಿಡಲಿಲ್ಲ. "ನಾನೂ ಬಲಗಡೆಯೇ ಕಂಡಿತು ಅಂದೆ ಕಣಪ್ಪ. ಎಲ್ಲರೂ ಅಂದ್ರಲ್ಲ, ನಾನೂ ಅಂದೆ." ಊರುಗೋಲು ಊರಿಕೊಂಡು ಅವಳು ಹೊರಟುಹೋದಳು.

ಅಕ್ಕ ದೋಣಿಯಲ್ಲೇ ಕೂತು, ಊದಿಕೊಳ್ಳುತ್ತಿದ್ದ ಮಣಿಕಟ್ಟನ್ನು ನೀರಿನಲ್ಲಿ ಅದ್ದಿದ್ದಳು. ತಮ್ಮ ಬಕೆಟ್ಟಿನಲ್ಲಿ ನೀರು ಮೊಗೆದು ಹಲಗೆ ತೊಳೆಯಲು ಶುರುಮಾಡಿದ.

"ಗಳ ಜಾರಲಿಲ್ಲ," ಎಂದಳು ಅಕ್ಕ. "ನಿನ್ನ ಕೈಯಲ್ಲಿ ಗಳ ಯಾವತ್ತೂ ಜಾರಿಲ್ಲ. ಯಾಕೆ ನೂಕಿದೆ?"

ಅವನು ಹಲಗೆ ತಿಕ್ಕಿದ. ದೊಡ್ಡವಳ ಪರೀಕ್ಷೆಗೆ ಇನ್ನೂ ಸಮಯವಿತ್ತು. ಆ ನೆಪವೂ ಈಗ ದೂರದಲ್ಲಿ ಯಾರದೋ ಮನೆಯ ಮಾತಿನಂತಿತ್ತು.

"ಹಾವು ನೀನು ಹಿಡಿಯೋ ಕೊಂಬೆ ಮೇಲಿತ್ತು, ಅಕ್ಕ."

"ಅದು ಬಲಗಡೆ ಇತ್ತಲ್ಲೋ. ಎಲ್ಲರೂ ನೋಡಿದ್ರು. ಫೋಟೋ ತೆಗೆದ್ರು."

"ಬಲಗಡೆ ಎಲೆ ಇತ್ತು."

ಅಕ್ಕ ಕೈಯನ್ನು ನೀರಿನಿಂದ ತೆಗೆದಳು. ಹನಿಗಳು ಸೀರೆಯ ಮೇಲೆ ಬಿದ್ದವು.

"ಯಾವತ್ತಿಂದ?"

"ಇವತ್ತು ಬೆಳಿಗ್ಗೆ ಜಾಗ ಬದಲಾಯಿಸಿರಬೇಕು."

"ಹಾವಿನ ವಿಷಯ ಕೇಳಲಿಲ್ಲ ನಾನು."

ಅವನು ಬ್ರಷ್ಷನ್ನು ಕೆಳಗಿಟ್ಟ. "ಹೋದ ಮಳೆಗಾಲಕ್ಕೆ ಮುಂಚಿನಿಂದ."

ದೋಣಿ ಜೆಟ್ಟಿಯ ಟೈರುಗಳಿಗೆ ಮೆಲ್ಲಗೆ ತಗುಲಿ ಹಿಂದೆ ಸರಿಯುತ್ತಿತ್ತು.

"ನನಗೂ ಅನುಮಾನ ಬರ್ತಿತ್ತು," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ರಾತ್ರಿ ದೀಪದ ಸುತ್ತ ಬಳೆ ಬಳೆ ಕಾಣುತ್ತೆ. ಎದುರಿಗೆ ಬಂದೋರ ಮುಖ ಹಿಟ್ಟು ಮೆತ್ತಿದ ಹಾಗೆ. ಆದ್ರೆ ನೀನು ಏನೂ ಹೇಳಿರಲಿಲ್ಲವಲ್ಲ. ತಮ್ಮ ಹೇಳಿಲ್ಲ ಅಂದ್ರೆ ಇನ್ನೂ ಅಷ್ಟು ಕೆಟ್ಟಿಲ್ಲ ಅಂತ ಅನ್ಕೊಂಡೆ. ಅದೇ ಧೈರ್ಯದಲ್ಲಿ ದಿನಾ ಹತ್ತಿ ನಿಲ್ತಿದ್ದೆ."

"ತಟ್ಟು ಕೇಳಿ ತಿರುಗ್ತಿದ್ದೆಯಲ್ಲ."

"ತಿರುಗ್ತಿದ್ದೆ. ನೀನು ನನಗಿಂತ ಸ್ವಲ್ಪ ಮೊದಲು ನೋಡ್ತೀಯ ಅಂದ್ಕೊಂಡಿದ್ದೆ. ಸ್ವಲ್ಪ." ಅವಳು ಮಣಿಕಟ್ಟನ್ನು ತಿರುಗಿಸಿ ನೋಡಿದಳು, ಅದೂ ಸರಿಯಾಗಿ ಕಾಣುತ್ತಿತ್ತೋ ಇಲ್ಲವೋ. "ಚಹಾದಂಗಡಿಯವನಿಗೆ ಗೊತ್ತಾ?"

"ಗೊತ್ತು."

"ಪಕ್ಕದ ದೋಣಿಯವರಿಗೆ?"

"ಗೊತ್ತು."

"ನಿನ್ನ ಹೆಂಡತಿಗೆ ಗೊತ್ತೇ ಇರುತ್ತೆ, ಬಿಡು." ಮಣಿಕಟ್ಟನ್ನು ಮತ್ತೆ ನೀರಿಗಿಳಿಸಿದಳು. "ನನ್ನ ಮಗಳಿಗೆ?"

ಅವನು ಟಿಕೆಟ್ ಕಿಂಡಿಯ ಕಡೆ ನೋಡಿದ. ಹುಡುಗಿ ಶಟರ್ ಎಳೆಯಲು ಕೈ ಮೇಲೆತ್ತಿದವಳು ಹಾಗೇ ನಿಂತು ಇವರನ್ನೇ ನೋಡುತ್ತಿದ್ದಳು. ಮಾಮ ನೋಡಿದ್ದು ಕಂಡು ಶಟರ್ ಎಳೆದಳು.

"ಅವಳಿಗೇ ಮೊದಲು ಗೊತ್ತಾಗಿದ್ದು."

ಅಕ್ಕ ಕೊರಳಿನಿಂದ ದುರ್ಬೀನು ತೆಗೆದಳು. ದಿನಾ ಮಾಡುವ ಹಾಗೆ ಸೊಂಟದಿಂದ ಮೆತ್ತನೆ ಬಟ್ಟೆಯ ಚೂರನ್ನು ಎಳೆದು ಗಾಜುಗಳನ್ನು ಒಂದೊಂದಾಗಿ ಒರೆಸಿದಳು, ಮುಂದಿನವು, ಹಿಂದಿನವು. ಬಾಯಿಂದ ಹಬೆ ಊದಿ ಮತ್ತೆ ಒರೆಸಿದಳು. ಚೀಲದೊಳಗಿಟ್ಟು ಗುಂಡಿ ಹಾಕಿದಳು. ಗುಂಡಿ ಮೊದಲ ಸಲ ತೂತಿಗೆ ಸಿಗಲಿಲ್ಲ, ಎರಡನೇ ಸಲ ಸಿಕ್ಕಿತು. ಆಮೇಲೆ ಚೀಲವನ್ನು ತಮ್ಮನ ಕಡೆ ಚಾಚಿದಳು. ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡ.

ಎಲ್ಲರಿಗಿಂತ ಮೊದಲು ಅಕ್ಕನಿಗೇ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದ. ಎಲ್ಲರಿಗೂ ಗೊತ್ತಾದ ಮೇಲೆ ಹೇಳಿದ.