ಗುಂಯ್ ಸದ್ದಿನ ಜಗಳ

ಬೀದಿಯವರೆಲ್ಲ ಅವಳನ್ನು ಕರೆಂಟಕ್ಕ ಎಂದು ಕರೆಯುತ್ತಿದ್ದರು. ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಮೋಟಾರು ನೋಡಿಕೊಳ್ಳುವ ಕೆಲಸ ಅವಳದು. ಪಕ್ಕದಲ್ಲಿ ನಿಂತವರ ಮಾತು ತಿಳಿಯಬೇಕಾದರೂ ತುಟಿ ನೋಡಬೇಕು, ಅಷ್ಟು ಗದ್ದಲ. ದಿನವಿಡೀ ಕಿವಿಗೆ ಹತ್ತಿ ತುರುಕಿಕೊಂಡು ದುಡಿದು ಬಂದವಳಿಗೆ ಮನೆಯಲ್ಲಿ ಬೇಕಾದದ್ದು ಹೆಚ್ಚೇನಲ್ಲ: ತನ್ನ ಕೋಣೆ, ಹಳೆಯ ರೆಕಾರ್ಡ್ ಪ್ಲೇಯರು, ಕೈಯಾರೆ ಕಟ್ಟಿದ ಆಂಪ್ಲಿಫೈಯರು, ಹಾಡಿನ ಹಿಂದೆ ಬೇರೆ ಸದ್ದಿಲ್ಲದ ಮೌನ.

ಮೊದಲ ಮೂರೂ ಇದ್ದವು. ಮೌನವೇ ಕೈಕೊಟ್ಟಿತ್ತು.

ಸ್ಪೀಕರಿನಿಂದ ಗುಂಯ್ ಎಂಬ ಸಣ್ಣ ಸದ್ದು. ಹಾಡು ಏರಿದಾಗ ಅಡಗಿರುತ್ತಿತ್ತು. ಹಾಡುವವಳು ಉಸಿರೆಳೆದುಕೊಳ್ಳುವ ಜಾಗದಲ್ಲಿ ತಲೆ ಎತ್ತುತ್ತಿತ್ತು, ಅನ್ನದಲ್ಲಿ ಹಲ್ಲಿಗೆ ಸಿಕ್ಕ ಕಲ್ಲಿನಂತೆ. ಆಂಪ್ಲಿಫೈಯರನ್ನು ಬ್ಯಾಟರಿಗೆ ಸಿಕ್ಕಿಸಿ ನೋಡಿದಳು. ಸದ್ದೇ ಇಲ್ಲ. ಅಂದರೆ ತಪ್ಪು ಆಂಪ್ಲಿಫೈಯರಿನದಲ್ಲ, ಅದಕ್ಕೆ ಕರೆಂಟು ಉಣಿಸುವ ಪವರ್ ಸಪ್ಲೈಯದು. ಸರಿ, ಹಳೆಯದನ್ನು ಮೂಲೆಗೆ ತಳ್ಳಿ ಹೊಸದನ್ನು ಕಟ್ಟಲು ಕೂತಳು. ಟ್ರಾನ್ಸ್‌ಫಾರ್ಮರಿಗೆ ಬೇರೆಯೇ ಕಬ್ಬಿಣದ ಡಬ್ಬಿ ಮಾಡಿ ದೂರ ಇಟ್ಟಳು. ಗೋಡೆಯಿಂದ ಬರುವ ಏರಿಳಿತದ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸಿ, ಚೊಂಬಿನ ಗಾತ್ರದ ಕೆಪಾಸಿಟರುಗಳಲ್ಲಿ ತುಂಬಿ, ಅಲ್ಲಿಂದ ರೆಗ್ಯುಲೇಟರಿನ ಮೂಲಕ ಹದವಾಗಿ ಹರಿಯಬಿಟ್ಟಳು. ರೆಗ್ಯುಲೇಟರು ಅಳತೆಗೋಲಾಗಿ ಇಟ್ಟುಕೊಳ್ಳುವ ವೋಲ್ಟೇಜಿನಲ್ಲೂ ಒಂದು ನಡುಕವಿರುತ್ತದೆಂದು ಅದನ್ನೂ ಸೋಸಿದಳು. ಎಷ್ಟೋ ವಾರಗಳ ಕೆಲಸ. ಒಂದು ಭಾನುವಾರ ಮಧ್ಯಾಹ್ನ ಸ್ವಿಚ್ ಒತ್ತಿದಳು.

ಗುಂಯ್.

ಅವಳ ಕಣ್ಣು ಸೂರಿನ ಕಡೆಗೆ ಹೋಯಿತು. ಮಹಡಿಯಲ್ಲಿ ತಂಗಿಯ ಸಂಸಾರ. ತಂಗಿಯ ಗಂಡ ಬಣ್ಣದಂಗಡಿಯವನು; ಹೊಸ ವಸ್ತು ಕಂಡರೆ ಬಿಡುವವನಲ್ಲ. ಬೆಳಕನ್ನು ಹೆಚ್ಚುಕಡಿಮೆ ಮಾಡುವ ದೀಪಗಳು, ಮೀನಿನ ತೊಟ್ಟಿಯ ಪಂಪು, ಸ್ಕೂಟರಿನ ಚಾರ್ಜರು. ಇಷ್ಟೂ ಕಸವನ್ನು ಒಂದೇ ಮೀಟರಿನ ತಂತಿಗೆ ಸುರಿದರೆ ಕೆಳಗಿನವಳ ಗತಿ? ಇವಳು ಸೋಸುತ್ತ ಕೂರುವುದು, ಅವನು ಮೇಲಿಂದ ಕೊಳೆ ಚೆಲ್ಲುವುದು! ಕರೆಂಟಕ್ಕನ ಸಿಟ್ಟು ನೆತ್ತಿಗೇರಿತು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಾಗಿಲು ಬಡಿದಳು.

"ಏನಾಯ್ತು ಅತ್ತಿಗೆ?" ತಂಗಿಯ ಗಂಡ ಬನಿಯನ್ನಿನಲ್ಲೇ ಬಂದ.

"ಏನಾಗ್ಬೇಕು? ನಿನ್ನ ಮೀನಿಗೆ ಗಾಳಿ ಊದೋ ಯಂತ್ರ ನನ್ನ ಸ್ಪೀಕರಿನಲ್ಲಿ ಗೊರಕೆ ಹೊಡೀತಿದೆ. ಮನೆಯನ್ನೇನು ಪ್ರದರ್ಶನದ ಮಳಿಗೆ ಮಾಡ್ಕೊಂಡಿದೀಯಾ?"

"ಪಾಪ, ಮೀನು ನಿಮಗೇನು ಮಾಡ್ತು? ಗಿರಣಿ ಸದ್ದು ಕಿವೀಲೇ ಉಳ್ಕೊಂಡಿರ್ಬೇಕು, ಡಾಕ್ಟರಿಗೆ ತೋರಿಸಿ" ಎಂದು ಅವನು ನಕ್ಕ.

ಆ ನಗು ಉರಿಯುವ ಬೆಂಕಿಗೆ ತುಪ್ಪ ಹೊಯ್ದಂತಾಯಿತು. ಕರೆಂಟಕ್ಕ ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಅವನ ದೀಪಗಳನ್ನು ಬೈದಳು, ಅವನ ಅಂಗಡಿಯನ್ನು ಬೈದಳು, ತಂಗಿ ಇಂಥವನನ್ನು ಹುಡುಕಿ ಹುಡುಕಿ ಮದುವೆಯಾದಳಲ್ಲ ಎಂದೂ ಬೈದಳು. ಅವನ ಮುಖದ ನಗು ಆರಿಹೋಯಿತು.

ಒಳಗೆ ಬಟ್ಟೆ ಮಡಚುತ್ತಿದ್ದ ತಂಗಿ ಎದ್ದು ಬಂದಳು. ದೀಪ ಆರಿಸಿದಳು, ಮೀನಿನ ಪಂಪಿನ ತಂತಿ ಕಿತ್ತಳು, ಫ್ರಿಜ್ ಆರಿಸಿದಳು, ಕೊನೆಗೆ ಮಹಡಿಯ ಮುಖ್ಯ ಸ್ವಿಚ್ಚನ್ನೇ ಕೆಳಗೆಳೆದಳು. "ನಡಿ, ಕೇಳೋಣ" ಎಂದು ಅಕ್ಕನಿಗಿಂತ ಮುಂದಾಗಿ ಮೆಟ್ಟಿಲಿಳಿದಳು.

ಕೆಳಗಿನ ಕೋಣೆಯಲ್ಲಿ ಇಬ್ಬರೂ ಸ್ಪೀಕರಿನ ಮುಂದೆ ನಿಂತರು.

ಗುಂಯ್.

"ಈಗ ಯಾರ ಮೇಲೆ ಹಾಕ್ತೀಯಾ ಅಕ್ಕ?"

"ಪಕ್ಕದ ಮನೆಯಿಂದ ಇರಬಹುದು, ಬೀದಿಯ ತಂತಿಯಿಂದ..."

"ಸಾಕು!" ತಂಗಿಯ ದನಿ ಅಷ್ಟು ಏರಿದ್ದನ್ನು ಕರೆಂಟಕ್ಕ ಎಂದೂ ಕೇಳಿರಲಿಲ್ಲ. "ಸದ್ದು ಅಂದ್ರೆ ನಾವೇ ಅಲ್ವಾ ನಿನಗೆ? ಕುರ್ಚಿ ಎಳೆದ್ರೆ ಕೆಳಗಿಂದ ಪೊರಕೆ ಕೋಲಲ್ಲಿ ಕುಟ್ತೀಯ. ಕುಕ್ಕರ್ ಕೂಗಿದ್ರೆ ಕುಟ್ತೀಯ. ಮಿಕ್ಸಿ ಹಾಕೋಕೆ ನೀನು ಗಿರಣಿಗೆ ಹೋಗೋವರೆಗೆ ಕಾಯ್ತೀನಿ, ಗೊತ್ತಾ? ನನ್ನ ಮಗಳಿಗೆ ಐದು ವರ್ಷ. ಒಂದು ದಿನಾನೂ ಮನೆಯೊಳಗೆ ಓಡಿಲ್ಲ ಅದು. ಬೆಕ್ಕಿನ ಹಾಗೆ ತುದಿಗಾಲಲ್ಲಿ ನಡೆಯುತ್ತೆ. ನಾನೇ ಕಲಿಸಿದ್ದು! ಅಕ್ಕ ದಣಿದು ಬರ್ತಾಳೆ, ಪಾಪ ಅಂತ. ನಿನ್ನ ಮೌನಕ್ಕೆ ನಮ್ಮ ಮನೇನ ಒತ್ತೆ ಇಟ್ಟಿದೀನಿ. ಅಷ್ಟಾದ್ಮೇಲೂ ಮೇಲೆ ಬಂದು ನನ್ನ ಗಂಡನ್ನ ಬೈತೀಯಲ್ಲ, ನಾಚಿಕೆ ಆಗಲ್ವಾ?"

"ನಾನೇನು ತುದಿಗಾಲಲ್ಲಿ ನಡೀರಿ ಅಂದಿದ್ನಾ?"

"ಅನ್ನಬೇಕಾ? ಕುಟ್ಟಿದ್ರೆ ಸಾಲದಾ?"

ತಂಗಿ ಹೋಗುವಾಗ ಬಾಗಿಲನ್ನು ಎಷ್ಟು ಜೋರಾಗಿ ಎಳೆದಳೆಂದರೆ ರೆಕಾರ್ಡಿನ ಮೇಲಿದ್ದ ಮುಳ್ಳು ಹಾರಿ ಬಿತ್ತು.

ಕರೆಂಟಕ್ಕನಿಗೆ ಏನನ್ನಾದರೂ ಒಡೆಯಬೇಕೆನಿಸಿತು, ಒಡೆಯುವ ಬದಲು ಸಪ್ಲೈಯ ಮುಚ್ಚಳ ಬಿಚ್ಚಿದಳು. ಒಣ ಬಿದಿರು ಕಡ್ಡಿ ಹಿಡಿದು ಸಿಟ್ಟಿನಿಂದಲೇ ಒಂದೊಂದು ತಂತಿಯನ್ನೂ ತಿವಿದಳು. ಒಂದು ಕಪ್ಪು ತಂತಿ ಅಲುಗಿದಾಗ ಗುಂಯ್ ಎಂಬುದು ಗಂಟಲು ಬದಲಿಸಿತು. ಮತ್ತೆ ಅಲುಗಿಸಿದಳು. ಮತ್ತೆ ಬದಲಾಯಿತು.

ಆ ತಂತಿ ಎಲ್ಲಿಗೆ ಹೋಗುತ್ತದೆಂದು ನೋಡಿದವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಂತಾಯಿತು. ದೊಡ್ಡ ಕೆಪಾಸಿಟರು ಗುಟುಕು ಗುಟುಕಾಗಿ ಕರೆಂಟು ಹೀರಿಕೊಳ್ಳುತ್ತದೆ. ಆ ಗುಟುಕುಗಳು ಹಾಯುವ ದಾರಿಯ ಮೇಲೆಯೇ ಅವಳು ಆಂಪ್ಲಿಫೈಯರಿನಿಂದ ಕರೆಂಟು ಮರಳುವ ಗ್ರೌಂಡ್ ತಂತಿಯನ್ನು ಬೆಸೆದಿದ್ದಳು. ಕುಡಿಯುವ ನೀರಿನ ಕೊಳವೆಯನ್ನು ಬಚ್ಚಲ ಕಾಲುವೆಗೆ ಜೋಡಿಸಿದಂತೆ! ಹಳೆಯದರಲ್ಲೂ ಹಾಗೇ ಬೆಸೆದಿದ್ದಳು. ಹೊಸದರಲ್ಲೂ ರೂಢಿಯ ಕೈ ತಾನಾಗಿ ಅಲ್ಲಿಗೇ ಹೋಗಿತ್ತು. ಗಿರಣಿಯಲ್ಲಿ ಬೇರೆಯವರು ಇಂಥದನ್ನು ಮಾಡಿದ್ದರೆ ಇಡೀ ಶೆಡ್ಡಿಗೆ ಕೇಳುವಂತೆ ಉಗಿಯುತ್ತಿದ್ದಳು.

ಸ್ವಿಚ್ ಆರಿಸಿ, ಕೆಪಾಸಿಟರು ಬರಿದಾಗುವವರೆಗೆ ಕಾದು, ತಂತಿಯನ್ನು ಬಿಚ್ಚಿ ರೆಗ್ಯುಲೇಟರಿನಾಚೆಯ ತಿಳಿಯಾದ ಜಾಗಕ್ಕೆ ಬೆಸೆದಳು. ಮತ್ತೆ ಸ್ವಿಚ್ ಒತ್ತಿದಳು.

ಏನೂ ಇಲ್ಲ. ಸ್ಪೀಕರಿಗೆ ಕಿವಿ ಹಚ್ಚಿದರೂ ಏನೂ ಇಲ್ಲ.

ವರ್ಷಗಟ್ಟಲೆ ಬಯಸಿದ್ದು ಕೈಗೆ ಬಂದಿತ್ತು, ಅದರ ಸುಖ ಮಾತ್ರ ಬರಲಿಲ್ಲ. ಆ ನಿಚ್ಚಳ ಮೌನದಲ್ಲಿ ತಲೆಯ ಮೇಲಿನ ಹೆಜ್ಜೆಗಳು ಕೇಳತೊಡಗಿದವು. ಒತ್ತಿ ಒತ್ತಿ ಇಡುವ ಹೆಜ್ಜೆ, ನಡುವೆ ತಡೆದು ನಿಲ್ಲುವ ಹೆಜ್ಜೆ. ತಮ್ಮ ಮನೆಯಲ್ಲೇ ಕಳ್ಳರಂತೆ ನಡೆಯುತ್ತಿದ್ದಾರೆ. ಸಿಟ್ಟು ಮತ್ತೆ ಉಕ್ಕಿತು, ಈ ಸಲ ಅದಕ್ಕೆ ಹೋಗಲು ಬೇರೆ ಮನೆ ಇರಲಿಲ್ಲ.

ಮೇಲೆ ಹೋದಳು. ಬಾಗಿಲು ತೆರೆದವಳು ತಂಗಿ.

"ತಪ್ಪು ನನ್ನ ತಂತೀದು" ಎಂದಳು ಕರೆಂಟಕ್ಕ.

"ಗೊತ್ತು. ಎಲ್ಲ ಆರಿಸಿದ ಮೇಲೂ ಸದ್ದಿತ್ತಲ್ಲ. ಅಷ್ಟು ತಿಳಿಯೋಕೆ ಗಿರಣಿಗೆ ಹೋಗ್ಬೇಕಾ?"

"ನಿನ್ನ ಗಂಡನಿಗೆ ಹೇಳು, ಬೈದದ್ದು..."

"ನೀನೇ ಹೇಳ್ಕೋ. ಬೈಯೋವಾಗ ನನ್ನ ಕೈಲಿ ಹೇಳಿ ಕಳಿಸಿದ್ಯಾ?"

ತಂಗಿಯ ಗಂಡ ಮೀನಿನ ತೊಟ್ಟಿಯ ಮುಂದೆ ಬೆನ್ನು ಹಾಕಿ ಕೂತಿದ್ದ. "ತಪ್ಪಾಯ್ತು ಕಣಪ್ಪ" ಎಂದಳು. ಅವನು ತಿರುಗಲಿಲ್ಲ. "ಆಯ್ತು ಅತ್ತಿಗೆ" ಎಂದ, ಅಂಗಡಿಗೆ ಬಂದ ಗೊತ್ತಿಲ್ಲದವರಿಗೆ ಹೇಳುವ ಹಾಗೆ. ಆ ಮರ್ಯಾದೆಗಿಂತ ಬೈಗುಳವೇ ವಾಸಿ ಎನಿಸಿತು ಅವಳಿಗೆ.

ಮಗು ಚಾಪೆಯ ಮೇಲೆ ಬಣ್ಣದ ಚೀಟಿಗಳನ್ನು ಹರಡಿಕೊಂಡಿತ್ತು. ಕರೆಂಟಕ್ಕ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಇನ್ಮೇಲೆ ನೀನು ಓಡಬಹುದು ಪುಟ್ಟಿ. ಕುಣೀಬಹುದು. ಎಷ್ಟು ಸದ್ದು ಬೇಕಾದ್ರೂ ಮಾಡು."

ಮಗು ಅಮ್ಮನ ಮುಖ ನೋಡಿತು. ಅಮ್ಮ ಮಡಚಿದ ಬಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಮಗು ದೊಡ್ಡಮ್ಮನ ಕಡೆಗೆ ತಿರುಗಿ, ಎಂದಿನ ಪಿಸುದನಿಯಲ್ಲಿ ಕೇಳಿತು: "ಎಷ್ಟು ಹೊತ್ತು ದೊಡ್ಡಮ್ಮ?"

ತಂಗಿ ಮಡಚಿಟ್ಟ ಬಟ್ಟೆಗಳನ್ನು ಎತ್ತಿಕೊಂಡು, ಅಕ್ಕನನ್ನು ದಾಟಿ, ಹಿಮ್ಮಡಿಯೂರಿ ದಪದಪ ನಡೆಯುತ್ತ ಒಳಗೆ ಹೋದಳು.