ಲೀಟರಿಗೆ ಹದಿನೆಂಟು

"ಎಪ್ಪತ್ತೈದು ಲೀಟರ್ ಪೆಟ್ರೋಲ್ ಎಲ್ಲಿ ಹೋತಲೇ ಗಿರಮಲ್ಯಾ? ಗಾಡಿ ಕುಡೀತೋ, ನೀ ಕುಡದ್ಯೋ?"

ಗುರುಪಾದ ಮುಧೋಳದ ತನ್ನ ಮನೆಯ ಕಟ್ಟೆಯ ಮೇಲೆ ನಿಂತು ಕೇಳಿದ್ದು ಇಡೀ ಓಣಿಗೆ ಕೇಳಿಸಿತು. ಎದುರು ಬಾಗಿಲಲ್ಲಿ ಮೆಂತ್ಯೆಸೊಪ್ಪು ಸೋಸುತ್ತಿದ್ದ ಗುರುಬಾಯಿಯ ಕೈ ನಿಂತೇಬಿಟ್ಟಿತು. ಕಾರು ಒರೆಸುತ್ತಿದ್ದ ಡ್ರೈವರ್ ಗಿರಮಲ್ಲಪ್ಪ ಬಟ್ಟೆಯನ್ನು ಹಿಂಡಿದ. ನೀರೆಲ್ಲ ಇಳಿದ ಮೇಲೂ ಹಿಂಡುತ್ತಲೇ ಇದ್ದ. ಸ್ಟೇರಿಂಗ್ ಹಿಡಿದು ಇಪ್ಪತ್ತೆರಡು ವರ್ಷ ಆಗಿತ್ತು. ಲಾರಿ ಹೊಡೆದಿದ್ದ, ಜೀಪು ಹೊಡೆದಿದ್ದ. ಕುಡಿದು ಹೊಡೀತಾನೆ ಅಂತಾಗಲಿ, ಕದ್ದು ಮಾರತಾನೆ ಅಂತಾಗಲಿ ಯಾರೂ ಅಂದಿರಲಿಲ್ಲ.

ಗುರುಪಾದ ಬ್ಯಾಂಕಿನಿಂದ ನಿವೃತ್ತನಾದಾಗ ಬಂದ ಗಂಟಿನಲ್ಲಿ ಕೊಂಡ ಬಿಳಿ ಕಾರು ಅದು. ಸಣ್ಣ ಎಸ್‌ಯುವಿ. ಮೇಲೆ ದೊಡ್ಡ ಗಾಡಿಯ ಗತ್ತು, ಒಳಗೆ ಸಣ್ಣ ಕಾರಿನ ಎಂಜಿನ್. ಅದನ್ನು ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ಹೊಲ ನೋಡುವ ಸಾಹೇಬ ಪ್ರೇಮಕುಮಾರನಿಗೆ ತಿಂಗಳ ಬಾಡಿಗೆಗೆ ಬಿಟ್ಟಿದ್ದ. ಪೆಟ್ರೋಲಿನ ಲೆಕ್ಕ ಬೇರೆ: ಗುರುಪಾದ ತುಂಬಿಸಿ ಬಿಲ್ಲು ಕಳಿಸಬೇಕು, ಕಾರ್ಖಾನೆ ಕೊಡಬೇಕು. ಗುರುಪಾದನಿಗೆ ಗಾಡಿ ನಡೆಸಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಒಂದೇ: ಶೋರೂಮಿನವನು ಹೇಳಿದ 'ಲೀಟರಿಗೆ ಹದಿನೆಂಟು' ಅನ್ನುವ ಮಂತ್ರ. ತಿಂಗಳಲ್ಲಿ ಓಡಿದ ಎರಡು ಸಾವಿರದ ಏಳುನೂರು ಕಿಲೋಮೀಟರಿಗೆ ಆ ಮಂತ್ರದ ಪ್ರಕಾರ ನೂರೈವತ್ತು ಲೀಟರ್ ಸಾಕಿತ್ತು; ಆಗಿದ್ದು ಇನ್ನೂರಿಪ್ಪತ್ತೈದು.

"ಸಾಹೇಬ್ರು ಹಿಪ್ಪರಗಿ ಹೊಲದಾಗ ಇಳದ್ರೂ ಎಸಿ ಬಂದ್ ಮಾಡಬ್ಯಾಡ ಅಂತಾರ್ರಿ" ಎಂದ ಗಿರಮಲ್ಲಪ್ಪ. "ಎರಡೆರಡ ತಾಸು ನಿಂತಲ್ಲೇ ಎಂಜಿನ್ ಓಡತೈತಿ. ಹಾದಿ ತುಂಬ ಕಬ್ಬಿನ ಟ್ರ್ಯಾಕ್ಟರು. ಹನ್ನೆರಡರ ಮ್ಯಾಲ ಹೆಂಗ ಬರಬೇಕ್ರಿ?"

"ಕಥಿ ಹೇಳಬ್ಯಾಡ. ಹದಿನೆಂಟು ಅಂತ ಕಂಪನಿ ಕಾಗದದ ಮ್ಯಾಲ ಕೊಟ್ಟೈತಿ. ಕಾಗದ ಸುಳ್ಳು ಹೇಳತೈತೇನು?"

"ಆ ಕಾಗದಕ್ಕ ಹಿಪ್ಪರಗಿ ಹಾದಿ ಗೊತ್ತೇನ್ರಿ ಸಾವ್ಕಾರ್ರ?"

ಗುರುಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಗುರುಪಾದನ ಮೋರೆ ಕೆಂಪಾಯಿತು.

"ಭಾಳ ಮಾತಾಡ್ತೀಯಲ್ಲ? ಈ ತಿಂಗಳ ಅರ್ಧ ಪಗಾರ ಹಿಡೀತೇನಿ. ಬ್ಯಾಡ ಅಂದ್ರ ಐತಾರ ನಿಮ್ಮ ಬೀರಪ್ಪನ ಭಂಡಾರ ತೊಗೊಂಡು ಬಾ. ಕೈಯಾಗ ಹಿಡದು, ಒಂದ ಹನಿ ಮಾರಿಲ್ಲ ಅಂತ ಆಣಿ ಮಾಡು. ಅವಾಗ ನಂಬತೇನಿ."

ಬೀರಪ್ಪನ ಗುಡಿಯ ಭಂಡಾರವೆಂಬ ಆ ಅರಿಷಿಣ ಪುಡಿಗೆ ಕುರುಬರಷ್ಟೇ ಅಲ್ಲ, ಊರಿಗೆ ಊರೇ ಅಂಜುತ್ತಿತ್ತು. ಮುಷ್ಟಿಯಲ್ಲಿ ಹಿಡಿದು ನಿಜ ನುಡಿದವನು ಹಣೆಗೆ ಹಚ್ಚಿಕೊಳ್ಳುತ್ತಾನೆ. ಸುಳ್ಳು ನುಡಿದು ಹಚ್ಚಿಕೊಂಡವನ ಮನೆ ಉಳಿಯದು. ಹಿಡಿದದ್ದನ್ನು ನೆಲಕ್ಕೆ ಚೆಲ್ಲಿದರಂತೂ ಮುಗಿದೇ ಹೋಯಿತು.

ಆ ರಾತ್ರಿ ಲೋಕಾಪುರದ ತನ್ನ ಮನೆಯಲ್ಲಿ ಗಿರಮಲ್ಲಪ್ಪ ಉಣ್ಣದೆ ಕೂತ. ಹೆಂಡತಿ ಮಾಯವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಲ್ಲ ಕೇಳಿಸಿಕೊಂಡಳು.

"ಹಿಡದು ಬಂದ್ರಾತು. ಖರೆ ಇದ್ದಾಂವಗ ಎಂಥಾ ಅಂಜಿಕಿ?"

"ಅಂಜಿಕಿ ಅಲ್ಲ, ಸಿಟ್ಟು!" ತಾಟನ್ನು ದೂಡಿದ. "ಕಾರ್ಖಾನಿ ತೂಕದ ಕಾಟಾದಾಗ ಕಬ್ಬು ಹೊಡೀತಾರ, ಪ್ಯಾಟ್ಯಾಗ ತಕ್ಕಡಿ ಹೊಡೀತಾರ. ಅವರ್ಯಾರಿಗರೇ ಭಂಡಾರ ಹಿಡಿ ಅಂದಾರೇನು? ಇದ್ದಾಂವಗ ಕಾಗದ, ಇಲ್ಲದಾಂವಗ ದೇವ್ರು. ನಮ್ಮಪ್ಪ ಕುರಿ ಹಿಂದ ತಿರಗಿ ಸತ್ತ. ಆ ದೇವ್ರನ್ನ ಅಂವ ಇವರ ಪೆಟ್ರೋಲ್ ಅಳ್ಯಾಕ ಇಟ್ಟ ಹೋಗಿದ್ನೇನು?"

ಮಾಯವ್ವ ದೇವರ ಜಗುಲಿಯ ಮೇಲಿನ ಚೀಲಕ್ಕೆ ಕೈ ಹಾಕಿ, ನಾಲ್ಕು ಚಿಟಿಕೆ ಭಂಡಾರ ತೆಗೆದು ಪೇಪರಿನಲ್ಲಿ ಪೊಟ್ಟಣ ಕಟ್ಟಿ ಗಂಡನ ಅಂಗಿಯ ಕಿಸೆಯಲ್ಲಿಟ್ಟಳು.

"ಕಿಸೇದಾಗ ಇರ್ಲಿ. ಅದೇನು ಭಾರ ಆಗೂದಿಲ್ಲ. ಈಗ ಉಣ್ಣು."

ಐತವಾರ ಸಾಹೇಬನಿಗೆ ಸೂಟಿ. ಗಿರಮಲ್ಲಪ್ಪ ಗುರುಪಾದನಿಗೆ ಹೇಳಿದ: "ಆಣಿ ಮಾಡ್ತೇನ್ರಿ. ಅದಕ್ಕಿಂತ ಮೊದಲ ಸಾಹೇಬ್ರು ಕೂಡೂ ಜಾಗಾದಾಗ ನೀವು ಒಂದ ಫೇರಿ ಕುಂತ ಬರ್ರಿ. ಟಾಕಿ ತುಂಬಿಸಿ ಹೋಗೂನು, ಬಂದು ಅದ ಬಂಕಿನ್ಯಾಗ ಮತ್ತ ತುಂಬಸೂನು."

ತನ್ನ ಕಾರಿನಲ್ಲಿ ಹಿಂದೆ ಕೂತು ಮೆರೆಯುವ ಯೋಗ ಗುರುಪಾದನಿಗೆ ಅಪರೂಪ. ಒಪ್ಪಿದ. ಮುಧೋಳದ ಹೊರಗೆ ಲೋಕಾಪುರ ರಸ್ತೆಯ ಬಂಕಿನಲ್ಲಿ ಕೆಲಸಕ್ಕಿದ್ದ ಶಿವವ್ವ ಬಾಯಿಮಟ ಪೆಟ್ರೋಲ್ ತುಂಬಿದಳು. ಗಿರಮಲ್ಲಪ್ಪ ಮೀಟರನ್ನು ಸೊನ್ನೆಗೆ ತಂದ. "ಆವರೇಜ್ ಇಲ್ಲೇ ಕಾಣತೈತ್ರಿ. ನೋಡಕೋಂತ ಕುಂದರ್ರಿ."

ಜಮಖಂಡಿಯವರೆಗೆ ಹಾದಿ ಬಿಚ್ಚಿಕೊಂಡಿತ್ತು. ಹದಿನಾರು ತೋರಿಸಿತು. "ನೋಡಿದೇನಲೇ!" ಎಂದು ಗುರುಪಾದ ಸೀಟು ಗುದ್ದಿದ. ಊರು ದಾಟಿದ್ದೇ ತಡ, ಎದುರಿಗೆ ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರ್ ಡಬ್ಬಿ, ಎರಡೂ ಕಡೆ ಹೊರಚಾಚಿದ ಕಬ್ಬು, ಕಿವಿ ಹರಿಯುವ ಹಾಡು. ಒಂದನ್ನು ದಾಟಿದರೆ ಇನ್ನೊಂದು. ಎರಡನೇ ಗೇರಿನಲ್ಲಿ ಎಂಜಿನ್ ತೇಕಿತು. ಹದಿನಾಲ್ಕಾಯಿತು, ಹದಿಮೂರಾಯಿತು. ಹಿಪ್ಪರಗಿಯ ಹೊಲವೊಂದರ ಬದಿಗೆ, ಸಾಹೇಬ ದಿನಾ ಇಳಿಯುವಲ್ಲಿ, ಗಿರಮಲ್ಲಪ್ಪ ಗಾಡಿ ನಿಲ್ಲಿಸಿ ಚಾವಿಗೆ ಕೈ ಹಾಕಿದ.

"ಏ, ಬಂದ್ ಮಾಡಬ್ಯಾಡೋ! ಹೊರಗ ಬೆಂಕಿ ಬಿದ್ದೈತಿ."

ಮಾರ್ಚಿನ ಬಿಸಿಲಲ್ಲಿ ಗಿರಮಲ್ಲಪ್ಪ ಕೆಳಗಿಳಿದು ಬೇವಿನ ಬುಡದಲ್ಲಿ ಕೂತ. ಒಳಗಿನ ತಂಪಿನಲ್ಲಿ ಗುರುಪಾದ ಗೊರಕೆ ಹೊಡೆದ. ಗಂಟೆ ಮೇಲಾಯಿತು. ಮೀಟರು ಹತ್ತಕ್ಕೆ ಕುಸಿಯಿತು.

ತಿರುಗಿ ಬರುವಾಗಲೂ ಗುರುಪಾದ ನಿದ್ದೆಯಲ್ಲೇ ಇದ್ದ. ಜಮಖಂಡಿ ದಾಟಿದಾಗ ಫೋನು ಬಡಿದುಕೊಂಡಿತು. ಕಾರು ತಂದ ದಿನ ಹುಮ್ಮಸ್ಸಿನಲ್ಲಿ ತನ್ನ ಫೋನನ್ನು ಅದಕ್ಕೆ ಜೋಡಿಸಿದ್ದನಲ್ಲ, ಕಣ್ಣು ಬಿಡುವ ಮೊದಲೇ ಅದರ ಮೇಲೆ ಬೆರಳೆಳೆದ. ಪ್ರೇಮಕುಮಾರನ ದನಿ ನಾಲ್ಕೂ ಸ್ಪೀಕರಿನಲ್ಲಿ ತುಂಬಿತು:

"ಗುರುಪಾದ ಅವರ, ನಿಮ್ಮ ಪೆಟ್ರೋಲ್ ಬಿಲ್ಲಿನ ರೊಕ್ಕಾ ಕೊಟ್ಟಮ್ಯಾಲ ತಕರಾರ ಬಂದೈತ್ರಿ. ಪ್ರತಿ ತಿಂಗಳ ಲೀಟರಿಗೆ ಹನ್ನೆರಡ ಅಂತ ಬರದ ರೊಕ್ಕಾ ಎತ್ತಾಕತ್ತೀರಿ. ಇಷ್ಟ ಸಣ್ಣ ಗಾಡಿಗೆ ಹನ್ನೆರಡ ಯಾಕ ಅಂತ ಮ್ಯಾಲಿನವ್ರು ಕೇಳಾಕತ್ತಾರ."

"ಸಾಹೇಬ್ರ, ಹನ್ನೆರಡಂದ್ರ ಭಾಳ ಆತ್ರಿ!" ನಿದ್ದೆಗಣ್ಣಿನಲ್ಲೇ ಬಾಯಿ ಓಡಿತು. "ಟ್ರ್ಯಾಕ್ಟರು, ನಿಂತಲ್ಲೇ ಎಸಿ... ನಮ್ಮ ಡ್ರೈವರ್ ಬಂಗಾರದಂಥಾಂವ, ಅದಕ್ಕರೇ ಹನ್ನೆರಡ..."

ಅಲ್ಲಿಗೆ ಎಚ್ಚರಾಯಿತು. ಕನ್ನಡಿಯಲ್ಲಿ ಗಿರಮಲ್ಲಪ್ಪನ ಕಣ್ಣುಗಳು ಅವನನ್ನೇ ನೋಡುತ್ತಿದ್ದವು.

ಕಾರ್ಖಾನೆಗೆ ಹನ್ನೆರಡು, ಡ್ರೈವರನಿಗೆ ಹದಿನೆಂಟು. ಆ ಎಪ್ಪತ್ತೈದು ಲೀಟರಿನ ದುಡ್ಡು ಕಾರ್ಖಾನೆಯಿಂದ ಆಗಲೇ ಬಂದಿತ್ತು; ಈಗ ಗುರುಪಾದ ಅದನ್ನೇ ಗಿರಮಲ್ಲಪ್ಪನ ಪಗಾರದಿಂದ ಎರಡನೇ ಸಲ ಕೀಳುವವನಿದ್ದ. ಅದಕ್ಕೆ ಬೀರಪ್ಪನ ಸಾಕ್ಷಿ ಬೇರೆ! ಗಿರಮಲ್ಲಪ್ಪ ಗಾಡಿಯನ್ನು ಎಲ್ಲೂ ನಿಲ್ಲಿಸದೆ ಅದೇ ಬಂಕಿಗೆ ತಂದ.

"ಎಂಟು ಲೀಟರ್ ಹಿಡೀತ ನೋಡಣ್ಣಾ" ಎಂದಳು ಶಿವವ್ವ. ಓಡಿದ್ದು ತೊಂಬತ್ತಾರು ಕಿಲೋಮೀಟರು; ಲೀಟರಿಗೆ ಸರಿಯಾಗಿ ಹನ್ನೆರಡು. ಗುರುಪಾದ ಕಿಟಕಿಯಿಂದ ರೊಕ್ಕ ಕೊಟ್ಟು ಗಾಜು ಏರಿಸಿದ. ಗಿರಮಲ್ಲಪ್ಪ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಎಂಜಿನ್ ಬಂದ್ ಮಾಡಲಿಲ್ಲ.

"ಆತ ಬಿಡೋ ಗಿರಮಲ್ಲಪ್ಪಾ" ಎಂದ ಗುರುಪಾದ. ಹೆಸರು ಪೂರಾ ಬಂದದ್ದು ಅದೇ ಮೊದಲು. "ಪಗಾರ ಪೂರಾ ತೊಗೊ. ಇದನ್ನ ಯಾರಿಗೂ ಹೇಳಾಕ ಹೋಗಬ್ಯಾಡ."

"ಪಗಾರ ನಂದ ಐತ್ರಿ, ತೊಗೋತೇನಿ. ಕಟ್ಟಿ ಮ್ಯಾಲ ನಿಂತು ಓಣಿಗೆಲ್ಲ ಕೇಳೂಹಂಗ ಕಳ್ಳ ಅಂದ್ರಿ. ಅದ ಕಟ್ಟಿ ಮ್ಯಾಲ ನಿಂತು ಗಿರಮಲ್ಲಪ್ಪ ಕಳ್ಳ ಅಲ್ಲ ಅನ್ರಿ. ಗುರುಬಾಯಿ ಕೇಳಬೇಕು."

"ಹುಚ್ಚು ಹಿಡದೈತೇನಲೇ? ಓಣ್ಯಾಗ ನಂದೊಂದು ಮರ್ಯಾದಿ ಐತಿ!"

"ನಂದು?"

ಗುರುಪಾದ ಕಿಟಕಿಯ ಕಡೆ ಮುಖ ತಿರುಗಿಸಿದ.

ಗಿರಮಲ್ಲಪ್ಪ ಇಳಿದು ಹಿಂದಿನ ಬಾಗಿಲು ತೆರೆದ. ಕಿಸೆಯ ಪೊಟ್ಟಣ ಬಿಚ್ಚಿದ. ಗುರುಪಾದನ ಬಲಗೈ ಹಿಡಿದು, ಅಂಗೈ ಬಿಡಿಸಿ, ಭಂಡಾರವನ್ನೆಲ್ಲ ಅದರಲ್ಲಿ ಸುರಿದು ಒಂದೊಂದಾಗಿ ಬೆರಳು ಮಡಿಚಿದ.

"ಎರಡೂ ಕಡೆ ತಿಂದಿಲ್ಲ ಅಂತ ಅನ್ರಿ. ಅಂದು ಹಣಿಗೆ ಹಚಗೋರಿ."

ಬಾಗಿಲು ಹಾಕಿದ. ಲೋಕಾಪುರದ ಬಸ್ಸು ಬರುತ್ತಿತ್ತು. ಕೈ ಮಾಡಿ ಹತ್ತಿದ. ಕಿಟಕಿಯಿಂದ ತಿರುಗಿ ನೋಡಿದಾಗ ಬಿಳಿ ಕಾರು ಅಲ್ಲೇ ನಿಂತಿತ್ತು, ಗಾಜುಗಳೆಲ್ಲ ಏರಿಸಿದ್ದವು. ಹಿಂದಿನ ಸೀಟಿನಲ್ಲಿ ಗುರುಪಾದ ಬಿಗಿಹಿಡಿದ ಮುಷ್ಟಿಯನ್ನು ಎದೆಯ ಮಟ್ಟಕ್ಕೆ ಎತ್ತಿ, ಮೇಲಕ್ಕೂ ಒಯ್ಯದೆ ಕೆಳಗೂ ಇಳಿಸದೆ ಕೂತಿದ್ದ. ಕಾರಿನ ಹೊಟ್ಟೆಯಡಿ ಎಸಿಯ ನೀರು ತೊಟ್ಟಿಕ್ಕುತ್ತಿತ್ತು. ಒಣಮಣ್ಣಿನ ಮೇಲೆ ಒದ್ದೆ ಕಲೆ ನಿಧಾನಕ್ಕೆ ಅಗಲವಾಗುತ್ತಿತ್ತು.