ನಾಲಗೆ ಹೊರಗಿದ್ದ ರೀಲು

ನಾನು ಕ್ಯಾಮೆರಾ. ಈಗಿನವರ ಫೋನಿನೊಳಗೆ ಕೂತ ಜಾತಿಯಲ್ಲ. ರೀಲು ತುಂಬಿಸಿ, ಒಂದೊಂದು ಚಿತ್ರಕ್ಕೂ ಹೆಬ್ಬೆರಳಿನಿಂದ ಸಣ್ಣ ಸನ್ನೆಕೋಲು ಎಳೆಯಬೇಕಾದ ಹಳೆಯ ಕಾಲದ್ದು. ಜಪಾನಿನ ಒಂದು ಕಾರ್ಖಾನೆಯಲ್ಲಿ ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಕೊನೆಯ ತಿರುಪು ಬಿಗಿದಳು. ಪೆಟ್ಟಿಗೆಗೆ ಇಡುವ ಮುಂಚೆ ನನ್ನ ಗಾಜನ್ನು ಎರಡು ಸಲ ಒರೆಸಿದಳು. ಒಂದು ಸಲ ಒರೆಸಿದ್ದರೂ ಸಾಕಿತ್ತು.

ಮೊದಲು ನನ್ನನ್ನು ಕೊಂಡವರು ಪುಣೆಯ ಒಬ್ಬ ಹಲ್ಲಿನ ಡಾಕ್ಟರು. ನಾಲ್ಕು ವರ್ಷ ನಾನು ಜನರ ಬಾಯಿಯೊಳಗನ್ನೇ ನೋಡಿದೆ. ಆಮೇಲೆ ಅವರು ನನ್ನನ್ನು ಮಾರಿದರು. ಹಾಗೆ ನಾನು ಧಾರವಾಡದ ಮಂದಾಕಿನಿ ಹುಯಿಲಗೋಳ ಅವರ ಕೈಗೆ ಬಂದೆ.

ಮಂದಾಕಿನಿ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಪ್ರತಿ ವರ್ಷ ಚಳಿಗಾಲದ ರಜೆಯಲ್ಲಿ ರಾಜಸ್ಥಾನದ ಮರುಭೂಮಿಗೆ ಹೋಗಿ ಮರಳಿನ ದಿಬ್ಬಗಳ ಚಿತ್ರ ತೆಗೆಯುತ್ತಿದ್ದರು. ಅಂಚೆ ಕಚೇರಿಯಲ್ಲಿದ್ದ ಅವರ ಗಂಡ ಶೇಷಗಿರಿ ರಜೆ ಹಾಕಿ ಜೊತೆಗೆ ಬರುತ್ತಿದ್ದರು. ಬಿಸಿನೀರಿನ ಫ್ಲಾಸ್ಕು, ಮೂರು ಕಾಲಿನ ಸ್ಟ್ಯಾಂಡು, ಹೆಂಡತಿಯ ಶಾಲು ಎಲ್ಲ ಅವರ ಹೆಗಲಿಗೆ.

ನಡುಹಗಲಿನಲ್ಲಿ ಮರಳಿಗೆ ಮುಖವಿಲ್ಲ, ಬರೀ ಬೆಳ್ಳಗೆ. ಬೆಳಗಿನ ಓರೆ ಬಿಸಿಲು ಬಿದ್ದಾಗ ಅದು ಮಾತಿಗಿಳಿಯುತ್ತದೆ. ಒಂದೊಂದು ಗೆರೆಗೂ ಒಂದೊಂದು ನೆರಳು. ಜೀರುಂಡೆ ನಡೆದು ಹೋದ ದಾರಿ ಬಟ್ಟೆಗೆ ಹಾಕಿದ ಹೊಲಿಗೆಯಂತೆ ಕಾಣುತ್ತದೆ. ಬಗ್ಗಿದ ಹುಲ್ಲಿನ ಎಸಳು ಗಾಳಿಗೆ ತಿರುಗಿ ತಿರುಗಿ ತನ್ನ ಸುತ್ತ ತಾನೇ ವೃತ್ತ ಬರೆದುಕೊಂಡಿರುತ್ತದೆ. ಹಲ್ಲು ನೋಡಿ ಬೇಸತ್ತಿದ್ದ ನನಗೆ ಅದು ಹೊಸ ಜನ್ಮ.

ನಾವು ಇಳಿದುಕೊಳ್ಳುತ್ತಿದ್ದುದು ಒಂಬತ್ತು ಗುಡಿಸಲುಗಳ ಒಂದು ಹಟ್ಟಿಯಲ್ಲಿ, ಧಾಪೂಬಾಯಿ ಎಂಬ ಮುದುಕಿಯ ಮನೆಯಲ್ಲಿ. ಆ ಹಟ್ಟಿಗೆ ಇದ್ದುದು ಒಂದೇ ಸಿಹಿನೀರಿನ ಬಾವಿ. ದಿಬ್ಬವೊಂದು ಅದರ ಕಡೆಗೆ ಸರಿಯುತ್ತಿತ್ತು. ದಿಬ್ಬ ಸರಿಯುತ್ತಿದೆ ಎಂದರೆ ಪಟ್ಟಣದ ಅರಣ್ಯ ಕಚೇರಿಯವರು ಒಪ್ಪಲಿಲ್ಲ. ಮೂರು ವರ್ಷ ಒಂದೇ ಜಾಗದಿಂದ ಚಿತ್ರ ತೆಗೆದು ತನ್ನಿ, ದಿಬ್ಬ ಸರಿದದ್ದು ಕಂಡರೆ ಗಿಡ ನೆಟ್ಟು ತಡೆಯುತ್ತೇವೆ ಎಂದಿದ್ದರು. ಮಂದಾಕಿನಿ ಆ ಕೆಲಸ ವಹಿಸಿಕೊಂಡರು. ಕಬ್ಬಿಣದ ಗೂಟ ಹುಗಿದು, ಪ್ರತಿ ವರ್ಷ ಅದರ ಮೇಲೆಯೇ ನನ್ನನ್ನು ನಿಲ್ಲಿಸಿದರು. ಅಡಿ ಗುರುತು ಹಾಕಿದ ಕೋಲು ಹಿಡಿದು ಶೇಷಗಿರಿ ದಿಬ್ಬದ ಬುಡದಲ್ಲಿ ನಿಲ್ಲುತ್ತಿದ್ದರು. ಕಾಲು ಹೂತು ಅವರು ವಾಲಿದಾಗ, ನಿನ್ನ ಗಂಡನಿಗಿಂತ ಆ ಕೋಲೇ ನೆಟ್ಟಗೆ ನಿಲ್ಲುತ್ತದೆ ಎಂದು ಧಾಪೂಬಾಯಿ ನಗುತ್ತಿದ್ದಳು.

ಮೂರನೆಯ ವರ್ಷ ಆದದ್ದನ್ನು ಹೇಳಬೇಕು.

ರೀಲಿನ ತುದಿ ಡಬ್ಬಿಯಿಂದ ಸ್ವಲ್ಪ ಹೊರಗೆ ಚಾಚಿಕೊಂಡಿರುತ್ತದೆ. ಅದಕ್ಕೆ ನಾಲಗೆ ಅನ್ನುತ್ತಾರೆ. ನಾಲಗೆ ಹೊರಗಿದ್ದರೆ ಹೊಸ ರೀಲು, ಪೂರ್ತಿ ಒಳಗೆ ಹೋಗಿದ್ದರೆ ಮುಗಿದ ರೀಲು. ಇದು ಮಂದಾಕಿನಿಯ ಪದ್ಧತಿ. ಆದರೆ ಧಾರವಾಡದಲ್ಲಿ ರೀಲು ತೊಳೆಯುತ್ತಿದ್ದ ಸ್ಟುಡಿಯೋದ ಗುರುಸಿದ್ಧಪ್ಪನವರಿಗೆ ಇದು ತಾಪತ್ರಯ. ಆ ಸಲ ಹೊರಡುವ ಮುಂಚೆ ಅವರು ಶೇಷಗಿರಿಯವರ ಮುಂದೆ ಗೋಳಾಡಿದ್ದರು: "ನಾಲಿಗಿ ನುಂಗಿದ ರೀಲು ಬಾಯಿ ಬಿಡೂದಿಲ್ರಿ ಸಾಹೇಬ್ರ. ಡಬ್ಬಿ ಒಡದು ಒಡದು ನನ್ನ ಉಗುರೆಲ್ಲಾ ಹೋದ್ವು. ಒಂಚೂರು ಹೊರಗ ಬಿಟ್ಟು ಕೊಡ್ರಿ, ಪುಣ್ಯಾ ಬರ್ತದ."

ಹಟ್ಟಿಯಲ್ಲಿ ಒಂದು ಬೆಳಿಗ್ಗೆ ಗೂಟದ ಮೇಲೆ ನಿಂತು ನಾನು ಮೂವತ್ತಾರು ಚಿತ್ರ ತೆಗೆದೆ. ದಿಬ್ಬ, ಕೋಲು, ಬಾವಿಯ ಕಟ್ಟೆ. ಬಿಸಿಲೇರುವಾಗ ಮಂದಾಕಿನಿಗೆ ಮೈ ಸುಡುವ ಜ್ವರ. ಅವರನ್ನು ಮಲಗಿಸಿ ಶೇಷಗಿರಿ ತಾವೇ ರೀಲು ಹಿಂದಕ್ಕೆ ಸುತ್ತಿದರು. ಕೊನೆಯಲ್ಲಿ ಗುರುಸಿದ್ಧಪ್ಪನವರ ಉಗುರು ನೆನಪಾಗಿರಬೇಕು. ರೀಲು ಕಳಚಿಕೊಳ್ಳುವ ಸದ್ದಿಗೆ ಕಿವಿಗೊಟ್ಟು, ಜೋಪಾನವಾಗಿ, ಎರಡು ಬೆರಳಿನಷ್ಟು ನಾಲಗೆಯನ್ನು ಹೊರಗೆ ಬಿಟ್ಟು ಚೀಲದಲ್ಲಿಟ್ಟರು. ಹೆಂಡತಿಗೆ ಹೇಳಲು ಮರೆತರು.

ಮರುದಿನ ಜ್ವರ ಇಳಿಯಿತು. ಹಟ್ಟಿಯವರು ತಮ್ಮದೂ ಚಿತ್ರ ತೆಗೆಯಿರಿ ಎಂದರು. ಮಂದಾಕಿನಿ ಚೀಲಕ್ಕೆ ಕೈ ಹಾಕಿ ಅದೇ ರೀಲನ್ನು ನನಗೆ ತುಂಬಿದರು. ಅದರ ಅಂಚಿನ ತೂತುಗಳಲ್ಲಿ ನನ್ನ ಹಲ್ಲಿನ ಗುರುತುಗಳಿದ್ದವು. ನನಗೆ ತಿಳಿಯಿತು. ತಿಳಿದು ಮಾಡುವುದೇನು? ಅವರು ಒತ್ತಿದರು, ನಾನು ಕಣ್ಣು ಬಿಟ್ಟೆ. ಹಿಂದಿನ ದಿನ ಮೂಡಿದ್ದ ದಿಬ್ಬದ ಮೇಲೆಯೇ ಧಾಪೂಬಾಯಿಯ ಮುಖ, ಬಾವಿಯ ಮೇಲೆಯೇ ಅವಳ ಮೊಮ್ಮಕ್ಕಳು.

ಸಂಜೆ ಮಂದಾಕಿನಿ ರೀಲುಗಳನ್ನು ಎಣಿಸಿದರು. "ಅಲ್ರೀ, ಒಂದು ಹೊಸಾ ರೀಲು ಹೆಚ್ಚಿಗಿ ಉಳದದಲ್ಲಾ? ಹೆಂಗ ಇದು?"

ಶೇಷಗಿರಿ ತಿರುಗಿ ನೋಡಿದರು. ಅವರ ಕೈ ಚೀಲದ ಬಾಯಿಯ ಮೇಲೇ ನಿಂತಿತು. ತಾವು ಹೊರಗೆ ಬಿಟ್ಟ ನಾಲಗೆ ಆಗ ಹೊಳೆದಿರಬೇಕು.

"ಜ್ವರದಾಗ ಎಣಿಸಿ ತಂದಿರ್ತೀ, ತಪ್ಪಿರಬೇಕು. ಮಲಕೋ ನೀ," ಎಂದರು.

ಎಣಿಸಿ ತಂದದ್ದು ಧಾರವಾಡದಲ್ಲಿ, ಜ್ವರ ಬರುವ ಎಷ್ಟೋ ಮುಂಚೆ. ಆದರೂ ಆಕೆ ನಂಬಿದರು. ನಮ್ಮ ಬಸ್ಸು ಇದ್ದುದು ಮರುದಿನ ಮಧ್ಯಾಹ್ನ. ಬೆಳಗಿನ ಬಿಸಿಲು ಇನ್ನೊಂದು ಸಲ ನಮಗಾಗಿ ಬರುವುದಿತ್ತು; ಬಂತು, ದಿಬ್ಬದ ಮೇಲೆ ಬಿತ್ತು, ಹೋಯಿತು. ಶೇಷಗಿರಿ ಹೆಂಡತಿಯ ಶಾಲು ಮಡಚುತ್ತ ಕೂತಿದ್ದರು. ಯಾರ ಉಗುರಿಗೂ ನೋವಾಗಬಾರದು ಎಂದುಕೊಂಡ ಮನುಷ್ಯ ಒಂದು ಮಾತಿಗೆ ಅಷ್ಟು ಹೆದರುತ್ತಾನೆ ಎಂದು ನಾನು ಎಣಿಸಿರಲಿಲ್ಲ.

ಧಾರವಾಡದಲ್ಲಿ ಚಿತ್ರಗಳು ಬಂದವು. ಮುದುಕಿಯ ಕೆನ್ನೆಯ ಮೇಲೆ ಮರಳಿನ ಗೆರೆಗಳು, ಮಗುವಿನ ನೆತ್ತಿಯಿಂದ ಮೇಲೆದ್ದ ಕೋಲು. ದಿಬ್ಬ ಎಲ್ಲಿದೆ, ಬಾವಿ ಎಲ್ಲಿದೆ ಎಂದು ಯಾರೂ ಹೇಳುವಂತಿರಲಿಲ್ಲ. ಜ್ವರದಲ್ಲಿ ತಾನೇ ಕೆಡಿಸಿದೆನೆಂದು ಮಂದಾಕಿನಿ ಎರಡು ದಿನ ಊಟ ಬಿಟ್ಟರು. ಮೂರನೆಯ ವರ್ಷದ ಚಿತ್ರ ಸ್ಪಷ್ಟವಿಲ್ಲವೆಂದು ಕಚೇರಿಯವರು ಕಾಗದ ವಾಪಸು ಮಾಡಿದರು.

ಮುಂದಿನ ಚಳಿಗಾಲಕ್ಕೆ ಹೋದಾಗ ಗೂಟವಿರಲಿಲ್ಲ. ಬಾವಿಯೂ ಇರಲಿಲ್ಲ. ಬೇಸಿಗೆಯ ಬಿರುಗಾಳಿ ಹದಿನೈದು ದಿನದಲ್ಲಿ ಮುಚ್ಚಿ ಹಾಕಿತ್ತು. ಆರು ಗುಡಿಸಲುಗಳು ಖಾಲಿ. ಧಾಪೂಬಾಯಿಯ ಸೊಸೆ ಆರು ಮೈಲಿ ದೂರದಿಂದ ನೀರು ಹೊರುತ್ತಿದ್ದಳು.

ಮಂದಾಕಿನಿ ಮುದುಕಿಯ ಕಾಲು ಮುಟ್ಟಲು ಬಗ್ಗಿದರು. ಆಗ ಶೇಷಗಿರಿ ಹೆಂಡತಿಯ ತೋಳು ಹಿಡಿದು ಎಬ್ಬಿಸಿದರು. "ಮಂದಾ, ತಪ್ಪು ನಿಂದಲ್ಲ," ಎಂದರು. ಆಮೇಲೆ ಧಾಪೂಬಾಯಿಯ ಕಡೆ ತಿರುಗಿ, ತಮ್ಮ ಹರಕು ಹಿಂದಿಯಲ್ಲಿ, ನಾಲಗೆ ಹೊರಗೆ ಬಿಟ್ಟದ್ದು, ಸಂಜೆಯೇ ತಿಳಿದದ್ದು, ಬಾಯಿ ಬಿಡದೆ ಕೂತದ್ದು, ಎಲ್ಲ ಹೇಳಿದರು.

ಧಾಪೂಬಾಯಿ ಅವರ ಮುಖ ನೋಡಿ ಕೇಳಿದಳು.

"ಆ ಸಂಜೆ ಹೇಳಿದ್ದರೆ, ಬೆಳಿಗ್ಗೆ ಇನ್ನೊಂದು ಸಲ ತೆಗೆಯಬಹುದಿತ್ತಲ್ಲ ಅಣ್ಣಾ?"

ಬೈಗುಳವಾಗಿರಲಿಲ್ಲ ಅದು, ತಿಳಿದುಕೊಳ್ಳಲು ಕೇಳಿದ್ದು. ಆಕೆ ಒಳಗೆ ಹೋಗಿ ಒಂದು ಲೋಟ ನೀರು ತಂದು ಶೇಷಗಿರಿಯವರ ಮುಂದೆ ಹಿಡಿದಳು. ಆ ನೀರು ಎಷ್ಟು ದೂರದಿಂದ ಬಂದದ್ದೆಂದು ಗೊತ್ತಿದ್ದೂ ಅವರು ಕುಡಿಯಬೇಕಾಯಿತು.

ಮಂದಾಕಿನಿ ಗಂಡನ ಕೈಯಿಂದ ತೋಳು ಬಿಡಿಸಿಕೊಂಡರು. ನನ್ನನ್ನು ಎತ್ತಿಕೊಂಡು ಬಾವಿಯಿದ್ದ ಕಡೆ ನಡೆದು, ಮರಳಿನ ಮೇಲೆ ಮೊಣಕಾಲೂರಿ ಕೂತು, ಒಂದೇ ಒಂದು ಚಿತ್ರ ತೆಗೆದರು. ಇಳಿಬಿಸಿಲು. ನುಣುಪಾದ ಗೆರೆಗಳು. ಅಡ್ಡಲಾಗಿ ಒಂದು ಜೀರುಂಡೆಯ ಜಾಡು. ನಾನು ತೆಗೆದದ್ದರಲ್ಲೆಲ್ಲ ಅದೇ ಚೆಂದದ್ದು.

ಮಂದಾಕಿನಿ ನಿವೃತ್ತರಾಗುವಾಗ ನನ್ನನ್ನೂ ಆ ಚಿತ್ರವನ್ನೂ ಕಾಲೇಜಿಗೆ ಕೊಟ್ಟರು. ನಾನೀಗ ಭೂಗೋಳ ವಿಭಾಗದ ಗಾಜಿನ ಕಪಾಟಿನಲ್ಲಿದ್ದೇನೆ. ಚಿತ್ರ ಎದುರು ಗೋಡೆಯ ಮೇಲಿದೆ. ಹುಡುಗಿಯರು ಅದರ ಮುಂದೆ ನಿಂತು, ಎಷ್ಟು ಚೆಂದ ಅದ ನೋಡ್ರೇ, ಎನ್ನುತ್ತಾರೆ. ಅದರ ಕೆಳಗೆ ಮರುಭೂಮಿ ಎಂದಷ್ಟೇ ಬರೆದಿದೆ. ಈ ಮರಳಿನ ಕೆಳಗೆ ಒಂದು ಬಾವಿ ಇದೆ, ಅದರಲ್ಲಿ ಇನ್ನೂ ನೀರಿರಬಹುದು ಎಂದು ಹೇಳುವವರು ಇಲ್ಲಿ ಯಾರೂ ಇಲ್ಲ.